ಪಾಠ 9: ಪುಟ್ಟಿಯ ಡಬ್ಬಿ

ಪುಟ್ಟಿಗೆ ಒಂದೂವರೆ ವರ್ಷ. ಅಮ್ಮ ಬೆಳಿಗ್ಗೆ ಕೂಲಿಗೆ ಹೋಗುತ್ತಾಳೆ. ಪುಟ್ಟಿಯನ್ನು ಅಜ್ಜಿ ನೋಡಿಕೊಳ್ಳುತ್ತಾಳೆ.

ಅಂಗನವಾಡಿಯಲ್ಲಿ ಪುಟ್ಟಿಯ ತೂಕ ನೋಡಿದರು. ಮೂರು ತಿಂಗಳಿಂದ ತೂಕ ಏರಿಲ್ಲ. ಅಮ್ಮನಿಗೆ ಭಯವಾಯಿತು.

"ಟೀಚರಮ್ಮ, ಮಗು ಊಟಾನೇ ಮಾಡಲ್ಲ. ಎರಡು ತುತ್ತಿಗೆ ಸಾಕು ಅಂತಾಳೆ."

"ನಡುವೆ ಹಸಿವಾದರೆ ಏನು ಕೊಡ್ತೀರಿ?"

ಅಜ್ಜಿ ಹೇಳಿದಳು: "ಅತ್ತರೆ ಅಂಗಡಿಯಿಂದ ಕುರುಕಲು ಪೊಟ್ಟಣ ತರ್ತೀನಿ. ಇಲ್ಲಾಂದ್ರೆ ಟೀ, ಬಿಸ್ಕತ್ತು. ಮತ್ತೆ ಒಲೆ ಹಚ್ಚೋಕೆ ನನ್ನ ಕೈಲಿ ಆಗಲ್ಲ ತಾಯಿ."

"ಮಗುವಿನ ಹೊಟ್ಟೆ ಚಿಕ್ಕದು ಅಜ್ಜಿ. ಕುರುಕಲು ತಿಂದರೆ ಹೊಟ್ಟೆ ತುಂಬುತ್ತೆ, ಮೈಗೆ ಹತ್ತಲ್ಲ. ಆಮೇಲೆ ಊಟ ಸೇರಲ್ಲ. ಟೀ ಕುಡಿದರೆ ಊಟದಲ್ಲಿರುವ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಸೇರಲ್ಲ. ದಿನಕ್ಕೆ ಮೂರು ನಾಲ್ಕು ಸಲ ಊಟ ಕೊಡಿ. ನಡುವೆ ಒಂದೆರಡು ಸಲ ಒಳ್ಳೆ ತಿಂಡಿ ಕೊಡಿ. ಎರಡು ವರ್ಷ ತುಂಬುವವರೆಗೂ ಎದೆಹಾಲು ಬಿಡಿಸಬೇಡಿ."

"ಒಲೆ ಹಚ್ಚದೆ ಕೊಡೋ ತಿಂಡಿ ಯಾವುದು?"

"ಹುರಿಹಿಟ್ಟು! ವಾರಕ್ಕೊಂದು ಸಲ ಮಾಡಿ ಡಬ್ಬೀಲಿ ಇಡಿ. ಡಬ್ಬಿ ಅಟ್ಟದ ಮೇಲೆ ಬೇಡ. ಅಜ್ಜಿ ಕೈಗೆ ಸಿಗೋ ಹಾಗೆ ಇಡಿ."

ಹುರಿಹಿಟ್ಟು ಮಾಡುವ ವಿಧಾನ

ರಾಗಿ 2 ಬಟ್ಟಲು, ಹುರಿಗಡಲೆ 1 ಬಟ್ಟಲು, ಕಡಲೆಬೀಜ ಅರ್ಧ ಬಟ್ಟಲು.

ರಾಗಿ ತೊಳೆದು ಒಣಗಿಸಿ. ಘಮ ಬರುವವರೆಗೆ ಹುರಿಯಿರಿ. ಹುರಿಗಡಲೆ ಸೇರಿಸಿ ನುಣ್ಣಗೆ ಬೀಸಿ. ಕಡಲೆಬೀಜ ಹುರಿದು, ಸಿಪ್ಪೆ ತೆಗೆದು, ಬೇರೆಯಾಗಿ ಪುಡಿ ಮಾಡಿ. ಎಲ್ಲ ಬೆರೆಸಿ ಜರಡಿ ಹಿಡಿಯಿರಿ. ಆರಿದ ಮೇಲೆ ಒಣಗಿದ ಡಬ್ಬಿಗೆ ತುಂಬಿ, ಮುಚ್ಚಳ ಬಿಗಿಯಾಗಿ ಹಾಕಿ.

ಕೊಡುವಾಗ ಎರಡು ಮೂರು ಚಮಚ ಹಿಟ್ಟು ತೆಗೆದುಕೊಳ್ಳಿ. ಕಾಯಿಸಿ ಆರಿಸಿದ ಹಾಲಿನಲ್ಲಿ ಕಲಸಿ. ಹಾಲಿಲ್ಲದಿದ್ದರೆ ಕುದಿಸಿ ಆರಿಸಿದ ನೀರೂ ಆದೀತು. ಚೂರು ಬೆಲ್ಲ ಸಾಕು. ಒಣ ಹಿಟ್ಟನ್ನು ಬಾಯಿಗೆ ಹಾಕಬೇಡಿ. ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಬಾಳೆಹಣ್ಣು, ಪಪ್ಪಾಯಿ ಹಣ್ಣು, ಬೇಯಿಸಿದ ಮೊಟ್ಟೆ, ಬೇಯಿಸಿದ ಗೆಣಸು ಕೂಡ ಒಳ್ಳೆಯ ತಿಂಡಿ. ಮೆತ್ತಗೆ ಕಿವುಚಿ ಕೊಡಿ.

ಎರಡು ತಿಂಗಳು ಕಳೆಯಿತು. ಪುಟ್ಟಿಯ ತೂಕ 400 ಗ್ರಾಂ ಏರಿತು. ಈಗ ಹಸಿವಾದರೆ ಪುಟ್ಟಿ ಅಳುವುದಿಲ್ಲ. ಡಬ್ಬಿಯ ಕಡೆ ಬೆರಳು ತೋರಿಸುತ್ತಾಳೆ.

ನಿಮಗೆ ಗೊತ್ತೆ?

100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶ ಇದೆ. ಅಕ್ಕಿಯಲ್ಲಿ ಇದು ಬಹಳ ಕಡಿಮೆ. ಮೂಳೆ, ಹಲ್ಲು ಗಟ್ಟಿಯಾಗಲು ಸುಣ್ಣದ ಅಂಶ ಬೇಕು.

ನೆನಪಿಡಿ

• ತಿಂಡಿ ಕೊಡುವ ಮೊದಲು ನಿಮ್ಮ ಕೈ, ಮಗುವಿನ ಕೈ ಸೋಪಿನಿಂದ ತೊಳೆಯಿರಿ.
• ಮಗುವನ್ನು ಕೂರಿಸಿ ತಿನ್ನಿಸಿ. ಓಡಾಡುತ್ತಾ ತಿನ್ನುವುದು ಬೇಡ.
• ಇಡೀ ಕಡಲೆಬೀಜ, ಇಡೀ ದ್ರಾಕ್ಷಿ ಕೊಡಬೇಡಿ. ಉಸಿರು ಕಟ್ಟಬಹುದು.
• ತಿಂಗಳು ತಿಂಗಳು ತೂಕ ನೋಡಿಸಿ. ತೂಕ ಏರದಿದ್ದರೆ ಆಸ್ಪತ್ರೆಯಲ್ಲಿ ತೋರಿಸಿ.

ಉತ್ತರ ಹೇಳಿ

1. ಪುಟ್ಟಿ ಏಕೆ ಊಟ ಮಾಡುತ್ತಿರಲಿಲ್ಲ?
2. ಡಬ್ಬಿ ಎಲ್ಲಿರಬೇಕು? ಏಕೆ?
3. ಒಂದು ವಾರದ ಕುರುಕಲು ಪೊಟ್ಟಣಗಳಿಗೆ ನಿಮ್ಮ ಮನೆಯಲ್ಲಿ ಎಷ್ಟು ಖರ್ಚು? ಲೆಕ್ಕ ಹಾಕಿ. ಆ ಹಣಕ್ಕೆ ಎಷ್ಟು ರಾಗಿ ಬರುತ್ತದೆ?

ಓದಿ, ಬರೆಯಿರಿ

ರಾಗಿ – ಹಿಟ್ಟು – ಡಬ್ಬಿ – ಅಜ್ಜಿ – ಪುಟ್ಟಿ