ಪಟ್ಟಿಯೊಳಗೆ ಏನಿರಬೇಕು?

ಹ್ಯಾಸ್ಕೆಲ್ ಎಂಬ ಕಂಪ್ಯೂಟರ್ ಭಾಷೆಯ ಮೊದಲ ನಿರೂಪಣೆ ಹೊರಬಂದುದು 1990ರಲ್ಲಿ. ಗಣಿತದ ಫಂಕ್ಷನ್‌ಗಳ ರೀತಿಯಲ್ಲಿ ನಡೆಯುವ ಈ ಭಾಷೆಯಲ್ಲಿ ನಮಗೆ ಬೇಕಾದ ದತ್ತದ ಬಗೆಯನ್ನು, ಎಂದರೆ ಟೈಪನ್ನು, ನಾವೇ ರಚಿಸಿಕೊಳ್ಳಬಹುದು. ಅದರಲ್ಲಿ ಪಟ್ಟಿಯನ್ನು ಸೇರಿಸುವ ಕ್ರಮವನ್ನು ನಮ್ಮೂರಿನ ಚರಿತ್ರೆಯಿಂದಲೇ ನೋಡೋಣ.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವು ಮೂರು ಪಾಲಾಯಿತು. ಗುಲ್ಬರ್ಗಾ, ಬೀದರ್, ರಾಯಚೂರು ಎಂಬ ಮೂರು ಕನ್ನಡ ಜಿಲ್ಲೆಗಳು, ಕೆಲವು ಗಡಿ ತಾಲೂಕುಗಳ ಹೊರತು, ಮೈಸೂರನ್ನು ಸೇರಿದುವು. ಮರಾಠವಾಡದ ಐದು ಜಿಲ್ಲೆಗಳು ಮುಂಬಯಿಗೂ ತೆಲಂಗಾಣವು ಆಂಧ್ರ ಪ್ರದೇಶಕ್ಕೂ ಹೋದುವು. ಪ್ರತಿ ಪಾಲಿಗೂ ‘ಮೊದಲ ಜಿಲ್ಲೆ, ಎರಡನೆಯದು, ಮೂರನೆಯದು’ ಎಂದು ಮೂರೇ ಮನೆ ಮಾಡಿದರೆ ಮರಾಠವಾಡಕ್ಕೆ ಸಾಲದು. ಆದುದರಿಂದ ಪಟ್ಟಿ ಬೇಕು. ಕನ್ನಡ ಲಿಪಿಯಲ್ಲಿ ತೋರಿಸುವುದಾದರೆ:

ಡೇಟಾ ಪಾಲು = ಪಾಲು { ಹೆಸರು :: ಸ್ಟ್ರಿಂಗ್, ವರ್ಷ :: ಇಂಟ್, ಜಿಲ್ಲೆಗಳು :: [ಸ್ಟ್ರಿಂಗ್] }

ಯಂತ್ರಕ್ಕೆ ಕೊಡುವಾಗ ಇದನ್ನು ರೋಮನ್ ಅಕ್ಷರಗಳಲ್ಲಿ ಬರೆಯತಕ್ಕದ್ದು. ‘::’ ಎಂದರೆ ‘ಇದರ ಬಗೆ ಇಂಥದು’. ಸ್ಟ್ರಿಂಗ್ ಎಂದರೆ ಅಕ್ಷರಗಳ ಸಾಲು, ಇಂಟ್ ಎಂದರೆ ಪೂರ್ಣಾಂಕ. ಚೌಕ ಕಂಸವು ‘ಅಂಥವುಗಳ ಪಟ್ಟಿ’ ಎಂದು ಸಾರುತ್ತದೆ. ಬರಿದೆ ಪಟ್ಟಿ ಎಂದರೆ ಸಾಲದು. ಯಾತರ ಪಟ್ಟಿ ಎಂದೂ ಹೇಳಬೇಕು. ಪಟ್ಟಿಯಲ್ಲಿ ಮೂರಿರಲಿ, ಐದಿರಲಿ, ಒಂದೂ ಇಲ್ಲದಿರಲಿ, ಬಗೆ ಬದಲಾಗದು.

ಜಿಲ್ಲೆಗಳ ನಡುವೆ 1956 ಎಂಬ ಅಂಕಿಯನ್ನು ತೂರಿಸಿದರೆ ಕಂಪೈಲರು ಕಾರ್ಯಕ್ರಮ ಓಡುವ ಮೊದಲೇ ತಡೆಯುತ್ತದೆ. ಆದರೆ ಬೀದರಿನ ಬದಲು ನಾಂದೇಡ್ ಎಂದು ಬರೆದರೆ ತಡೆಯದು. ಅದೂ ಅಕ್ಷರಗಳ ಸಾಲೇ ಅಷ್ಟೆ. ಬಗೆಯನ್ನು ಯಂತ್ರ ಕಾಯುತ್ತದೆ. ನಿಜವನ್ನು ಓದುಗರೇ ಕಾಯಬೇಕು.