ಮಳೆಗಾಲಕ್ಕೆ ಮುಂಚೆ ಕೋವಿ: ಡ್ರಿಲ್ ಎಲ್ಲಿ, ಕೈ ಎಲ್ಲಿ?

ಯಸಳೂರು, ಹೆತ್ತೂರು, ಪಾಳ್ಯ, ಕೆಂಚಮ್ಮನ ಹೊಸಕೋಟೆ ಕಡೆಯ ತೋಟದ ಮನೆಗಳಲ್ಲಿ ಜೂನ್ ಬಂತೆಂದರೆ ಗೋಡೆಗೇ ಬೂಷ್ಟು ಹಿಡಿಯುತ್ತದೆ. ಇನ್ನು ಕೋವಿಯ ನಳಿಗೆಯನ್ನು ಬಿಟ್ಟೀತೆ? ಅಜ್ಜಂದಿರ ಕಾಲದಲ್ಲಿ ಒಲೆಯ ಬಿಸಿಯೇ ಅದನ್ನು ಕಾಯುತ್ತಿತ್ತು. ಈಗ ಗ್ಯಾಸ್ ಒಲೆ ಬಂದಿದೆ, ಕೋವಿ ಬೀರು ಸೇರಿದೆ, ತುಕ್ಕಿಗೆ ಅನುಕೂಲವಾಗಿದೆ. ಹಾಗೆಯೇ ಬ್ಯಾಟರಿ ಡ್ರಿಲ್ ಇಲ್ಲದ ತೋಟವೂ ಈಗ ಅಪರೂಪ. ಮೊಬೈಲಿನಲ್ಲಿ ಯಾರೋ ಡ್ರಿಲ್ ಹಾಕಿ ನಳಿಗೆ ತಿಕ್ಕುವುದನ್ನೂ, ಹಾರಿಸಿದ ಹಿತ್ತಾಳೆ ತೋಟಾದ ಬಾಯಿ ಸವರುವುದನ್ನೂ ನೋಡಿ 'ನಾವೂ ಮಾಡಬಹುದಲ್ಲ' ಎನ್ನುವವರಿದ್ದಾರೆ. ಮೊದಲನೆಯದನ್ನು ಸ್ವಲ್ಪ ಮಟ್ಟಿಗೆ ಮಾಡಬಹುದು. ಎರಡನೆಯದು ಬೇಡವೇ ಬೇಡ.

ಮೊದಲು ಕೋವಿ ಮುರಿದು ಒಳಗೆ ಕಣ್ಣು ಹಾಯಿಸಿ, ಬೆರಳು ತೂರಿಸಿ ಖಾಲಿ ಎಂದು ಖಾತ್ರಿ ಮಾಡಿಕೊಳ್ಳಿ. ತೋಟಾಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು ಬಂದು ಕುಳಿತುಕೊಳ್ಳಿ. ನಳಿಗೆಯನ್ನು ಹಿಡಿಯಿಂದ ಬೇರ್ಪಡಿಸಿ ಬೆಳಕಿಗೆ ಹಿಡಿದು ನೋಡಿ. ನಮ್ಮ ಕಡೆ ಇದು ಬರೀ ಶಾಸ್ತ್ರವಲ್ಲ. ತಿಂಗಳುಗಟ್ಟಲೆ ಮೂಲೆಯಲ್ಲಿ ನಿಂತ ಕೋವಿಯೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರಬಹುದು. ಆ ಹಿಡಿ ಮಣ್ಣಿನ ಹಿಂದಿನಿಂದ ಈಡು ಹಾರಿದರೆ ನಳಿಗೆ ಸೀಳುತ್ತದೆ.

ಡ್ರಿಲ್ಲಿಗೆ ಕೆಲಸವಿರುವುದು ತೋಟಾ ಕೂರುವ ಜಾಗದಲ್ಲಿ, ಅಂದರೆ ಚೇಂಬರಿನಲ್ಲಿ ಮಾತ್ರ. ಪ್ಲಾಸ್ಟಿಕ್ ತೋಟಾ ಹಾರಿಸಿ ಹಾರಿಸಿ ಅಲ್ಲಿ ಮಸಿ, ಪ್ಲಾಸ್ಟಿಕ್ಕು ಸೇರಿದ ಗಟ್ಟಿ ಉಂಗುರವೊಂದು ಕಟ್ಟಿಕೊಳ್ಳುತ್ತದೆ. ಖಾಲಿ ತೋಟಾ ಕಚ್ಚಿಕೊಂಡು ಹೊರಬರಲು ಹಟ ಮಾಡುವುದಕ್ಕೆ ಅನೇಕ ಸಲ ಇದೇ ಕಾರಣ. ನಳಿಗೆಯನ್ನು ತೊಡೆಯ ಮೇಲಿಟ್ಟುಕೊಳ್ಳಬೇಡಿ. ದಪ್ಪ ಬಟ್ಟೆ ಸುತ್ತಿ ವೈಸಿನಲ್ಲಿ ಹದವಾಗಿ ಬಿಗಿಯಿರಿ. ಡ್ರಿಲ್ಲಿಗೆ ಗೇಣುದ್ದದ ಗಿಡ್ಡ ಕಂಬಿ ಸಾಕು. ಉದ್ದ ಕಂಬಿ ತಿರುಗುವಾಗ ಬಳುಕಿ ಒಳಗೋಡೆಗೆ ಹೊಡೆಯುತ್ತದೆ. ಬ್ರಷ್ ಕಂಚಿನದಿರಲಿ, ಉಕ್ಕಿನ ತಂತಿಯದು ಬೇಡ. ಎಣ್ಣೆ ಹಚ್ಚಿದ ಬ್ರಷ್ಷನ್ನು ಒಳಗೆ ತೂರಿಸಿದ ಮೇಲೆಯೇ ಗುಂಡಿ ಒತ್ತಿ. ಮೊದಲ ಗೇರು, ಅತಿ ಕಡಿಮೆ ವೇಗ, ಹತ್ತು ಹದಿನೈದು ಸೆಕೆಂಡು. ಡ್ರಿಲ್ಲನ್ನು ಉಲ್ಟಾ ತಿರುಗಿಸಬೇಡಿ, ಬ್ರಷ್ಷಿನ ಮರೆ ಬಿಚ್ಚಿ ಅದು ಒಳಗೇ ಉಳಿಯುತ್ತದೆ. ನಿಲ್ಲಿಸಿ, ಒರೆಸಿ, ನೋಡಿ, ಬೇಕಿದ್ದರೆ ಮತ್ತೊಮ್ಮೆ.

ಅಲ್ಲಿಂದಾಚೆ ನಳಿಗೆ ಒರೆಸುವ ಗಜ ಮತ್ತು ಕೈ. ಹಳೇ ಪಂಚೆಯ ತುಂಡನ್ನು ಚೇಂಬರಿನ ಕಡೆಯಿಂದ ಬಾಯಿಯ ಕಡೆಗೆ ತಳ್ಳಿ, ಬಟ್ಟೆ ಬೆಳ್ಳಗೆ ಬರುವವರೆಗೆ. ನಳಿಗೆಯ ತುದಿ ಸಣ್ಣಗಾಗಿರುವುದು ಚರೆ ಹರಡುವ ಹದಕ್ಕಾಗಿ. ಅಲ್ಲಿಗೆ ಡ್ರಿಲ್ ತಾಗಿಸಿದರೆ ಆ ಹದ ಕೆಟ್ಟಿತೆಂದೇ ಲೆಕ್ಕ. ಇನ್ನು ಕೇಪಿನ ಕೋವಿಯಾದರೆ, ಅದರ ಕರಿಮದ್ದಿನ ಕಿಟ್ಟ ಗಾಳಿಯ ತೇವ ಹೀರುತ್ತದೆ. ಅದಕ್ಕೆ ಎಣ್ಣೆಗಿಂತ ಮೊದಲು ಕುದಿಯುವ ನೀರು ಬೇಕು, ಆಮೇಲೆ ಚೆನ್ನಾಗಿ ಒಣಗಿಸಬೇಕು.

ಎಣ್ಣೆಯ ವಿಷಯಕ್ಕೆ ಬಂದರೆ, ಕೊಬ್ಬರಿ ಎಣ್ಣೆ ಬಳಿಯುವ ಅಭ್ಯಾಸ ಬಿಡಿ. ಅದು 24 ಡಿಗ್ರಿಯ ಆಸುಪಾಸಿಗೇ ಹೆಪ್ಪುಗಟ್ಟುತ್ತದೆ. ನಮ್ಮ ಬೆಳಗುಗಳು ಅದಕ್ಕಿಂತ ತಣ್ಣಗಿರುತ್ತವೆ. ನನ್ನ ಕೋವಿಯ ಕುದುರೆ ಒಂದು ಡಿಸೆಂಬರಿನಲ್ಲಿ ಹೀಗೇ ಮುಷ್ಕರ ಹೂಡಿತ್ತು. ಗನ್ ಎಣ್ಣೆ ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆ ಆದೀತು, ತೆಳ್ಳಗೆ. ಹಾರಿಸುವ ಮುಂಚೆ ನಳಿಗೆಯೊಳಗಿನ ಎಣ್ಣೆ ಒರೆಸಿ ತೆಗೆಯಲೇಬೇಕು. ಮರದ ಹಿಡಿಗೆ ಅಗಸೆ ಎಣ್ಣೆ. ರೆಕ್ಸಿನ್ ಚೀಲದೊಳಗೆ ಕೋವಿಯನ್ನು ಮಳೆಗಾಲ ಕಳೆಸಬೇಡಿ, ಒಳಗೇ ಬೆವರುತ್ತದೆ.

ಇನ್ನು ತೋಟಾದ ಬಾಯಿ ಸವರುವ ವಿಚಾರ. ರೈಫಲಿನ ಹಿತ್ತಾಳೆ ತೋಟಾ ಹಾರಿದಾಗಲೆಲ್ಲ ಲೋಹ ಮುಂದಕ್ಕೆ ಹರಿದು ಕೊಂಚ ಉದ್ದವಾಗುತ್ತದೆ. ಉದ್ದ ಹೆಚ್ಚಾದರೆ ಅದರ ಬಾಯಿ ಗುಂಡನ್ನು ಬಿಗಿಯಾಗಿ ಅಮುಕಿಕೊಂಡು ಒತ್ತಡ ಏರುತ್ತದೆ. ಹಾರಿಸಿದ ತೋಟಾವನ್ನು ಮರುತುಂಬಿ ಬಳಸುವ ದೇಶಗಳಲ್ಲಿ ಡ್ರಿಲ್ಲಿಗೆ ಕಟರ್ ಸಿಕ್ಕಿಸಿ ಅದನ್ನು ಅಳತೆಗೆ ಇಳಿಸುತ್ತಾರೆ. ನಮ್ಮಲ್ಲಿ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಅಪರಾಧ. 2019ರ ತಿದ್ದುಪಡಿಯ ನಂತರ ಶಿಕ್ಷೆ ಕನಿಷ್ಠ 7 ವರ್ಷ. ಕೋವಿ ಇಟ್ಟುಕೊಳ್ಳುವ ಪರವಾನಗಿ ಈ ಕೆಲಸಕ್ಕೆ ನಡೆಯುವುದಿಲ್ಲ. ಅದೇ ಕಲಮು ಕೋವಿಯ ರಿಪೇರಿಗೂ ಅನ್ವಯಿಸುವುದರಿಂದ ನಳಿಗೆಯನ್ನು ಪೇಟೆಯ ಲೇತ್ ಅಂಗಡಿಗೆ ಒಯ್ಯಬೇಡಿ.

ಆದರೆ ತೋಟಾದ ಉದ್ದದ ಪಾಠ ನಮಗೂ ಉಂಟು. ಪ್ಲಾಂಟರ್‌ಗಳ ಕಾಲದ ಹಳೇ ಇಂಗ್ಲಿಷ್ ಜೋಡುನಳಿಗೆಗಳಲ್ಲಿ ಅನೇಕಕ್ಕೆ ಎರಡೂವರೆ ಇಂಚಿನ, ಅಂದರೆ 65 ಮಿ.ಮೀ. ಚೇಂಬರು. ಈಗ ಸಿಗುವ ತೋಟಾಗಳಲ್ಲಿ 70 ಮಿ.ಮೀ.ನವೂ ಇವೆ. ಬಾಯಿ ಮಡಚಿರುವುದರಿಂದ ಅವೂ ಸಲೀಸಾಗಿ ಒಳಗೆ ಹೋಗುತ್ತವೆ, ಮೋಸ ಅಲ್ಲೇ. ಹಾರುವಾಗ ಮಡಿಕೆ ಬಿಚ್ಚಿ ಚೇಂಬರಿನ ಆಚೆಗೆ ಚಾಚಿ ದಾರಿ ಕಿರಿದಾಗುತ್ತದೆ, ಒತ್ತಡ ಹಳೇ ಉಕ್ಕಿನ ಮೇಲೆ ಬೀಳುತ್ತದೆ. ನಳಿಗೆಯ ಬುಡದಡಿ ಕೊರೆದ ಅಂಕಿಯನ್ನು ಓದಿ, ಬರೆದುಕೊಂಡು ಅಂಗಡಿಗೆ ಹೋಗಿ. ಅಂಕಿ ಅಳಿಸಿದ್ದರೆ ಪರವಾನಗಿ ಇರುವ ಕೋವಿ ಅಂಗಡಿಯಲ್ಲೇ ಅಳೆಸಿ. ಉದ್ದದ ತೋಟಾದ ತುದಿ ಕತ್ತರಿಸಿ ಕೂರಿಸುವ ಜಾಣತನ ಬೇಡ.

ತೋಟಾಗಳಿಗೆ ಎಣ್ಣೆ ಮುಟ್ಟಿಸಬಾರದು, ಒಳಗಿನ ಕೇಪು ಸತ್ತೀತು. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಟ್ಟು, ಕೊಂಡ ತಿಂಗಳು ಬರೆದಿಡಿ. ಕುದುರೆ ಬಿದ್ದೂ ಈಡು ಹಾರದಿದ್ದರೆ ಬಾಯಿಯನ್ನು ಜನರಿಲ್ಲದ ಕಡೆಗೇ ಹಿಡಿದು ಒಂದು ನಿಮಿಷ ಕಾಯಿರಿ, ಆಮೇಲೆ ಮುರಿಯಿರಿ. ಕಿಲುಬು ಹಿಡಿದ, ಉಬ್ಬಿದ ಹಳೇ ತೋಟಾಗಳನ್ನು ಒಲೆಗೂ ಕೆರೆಗೂ ಎಸೆಯಬೇಡಿ. ಯಾವ ಅಂಗಡಿಯಲ್ಲಿ ಕೊಂಡಿರೋ ಅಲ್ಲಿ, ಇಲ್ಲವೇ ಪೊಲೀಸ್ ಠಾಣೆಯಲ್ಲಿ ಕೇಳಿ, ಲೆಕ್ಕ ಬರೆಸಿ ಒಪ್ಪಿಸಿ.