ಆಗುಂಬೆಗೆ ಹೊರಡುವ ಮುನ್ನ ಘಾಟಿಯ ಸುದ್ದಿ ಕೇಳಿ

ಅಕ್ಕನನ್ನು ಆಗುಂಬೆ ಕಡೆಗೆ ಕೊಟ್ಟ ಮೇಲೆ, ಬೆಂಗಳೂರಿನಿಂದ ಅಲ್ಲಿಗೆ ಹೋಗುವ ದಾರಿಗಳನ್ನೆಲ್ಲ ಒಂದೊಂದಾಗಿ ಹಿಡಿದು ನೋಡಿದ್ದೇನೆ. ರಾತ್ರಿ ಬಸ್ಸು, ಶಿವಮೊಗ್ಗದ ರೈಲು, ಉಡುಪಿಯ ರೈಲು, ವಿಮಾನ, ಸ್ವಂತ ಕಾರು ಎಲ್ಲವೂ ಆಗಿವೆ. ಯಾವುದು ಒಳ್ಳೆಯದು ಎಂದು ಯಾರಾದರೂ ಕೇಳಿದರೆ, ಯಾವ ತಿಂಗಳಲ್ಲಿ ಹೊರಟಿದ್ದೀರಿ ಎಂದು ಮೊದಲು ವಿಚಾರಿಸುತ್ತೇನೆ. ಅದು ಗೊತ್ತಾಗದೆ ದಾರಿ ಹೇಳಲು ಬರುವುದಿಲ್ಲ.

ಆಗುಂಬೆ ಇರುವುದು ಘಟ್ಟದ ಅಂಚಿನಲ್ಲೇ, 600 ಮೀಟರಿಗೂ ಹೆಚ್ಚು ಎತ್ತರದಲ್ಲಿ. ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ಗಾಳಿ ಇಲ್ಲಿ ಒಮ್ಮೆಲೇ ಮೇಲೇರಿ ತಣ್ಣಗಾಗಿ ಸುರಿಯುತ್ತದೆ. ವರ್ಷದ ಮಳೆ ಸರಾಸರಿ 7,000 ಮಿಲಿಮೀಟರ್ ದಾಟುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ. ಆ ನಾಲ್ಕು ತಿಂಗಳು ದಾರಿಯ ಲೆಕ್ಕವೇ ಬೇರೆ.

ಮಳೆಗಾಲದಲ್ಲಿ ನಾನು ನೆಚ್ಚಿಕೊಂಡಿರುವುದು ಶಿವಮೊಗ್ಗದ ದಾರಿಯನ್ನು. ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲು ಹತ್ತಿದರೆ ಬೆಳಕು ಹರಿಯುವ ಮೊದಲೇ ಶಿವಮೊಗ್ಗದಲ್ಲಿ ಇಳಿಯಬಹುದು. ಅಲ್ಲಿಂದ ಆಗುಂಬೆಗೆ ಇನ್ನೂ ಸುಮಾರು 95 ಕಿಲೋಮೀಟರ್. ಸಕ್ರೆಬೈಲು, ಮಂಡಗದ್ದೆ ಹಾದು ತೀರ್ಥಹಳ್ಳಿ, ಅಲ್ಲಿ ಬಸ್ಸು ಬದಲಿಸಿ ಮೇಗರವಳ್ಳಿ ಮೇಲೆ ಊರು ಸೇರುವುದು. ಬಸ್ಸಿನಲ್ಲಿ ಕೂರುವ ಹೊತ್ತು ಜಾಸ್ತಿಯೇ. ಆದರೆ ಈ ದಾರಿಯಲ್ಲಿ ಕರಾವಳಿಯ ಘಾಟಿ ಹತ್ತುವ ಪ್ರಮೇಯವೇ ಇಲ್ಲ. ಕೆಳಗೆ ಮಣ್ಣು ಜರಿದರೂ ನಮ್ಮ ಪ್ರಯಾಣ ನಿಲ್ಲುವುದಿಲ್ಲ. ತೀರ್ಥಹಳ್ಳಿಗೆ ಬರುವ ರಾತ್ರಿ ಬಸ್ಸಿಗೂ ಇದೇ ಅನುಕೂಲವಿದೆ. ವಯಸ್ಸಾದವರಿಗೆ ಮಾತ್ರ ಮಲಗಿ ಬರುವ ರೈಲೇ ಹಿತ.

ಉಡುಪಿಯಿಂದ ಆಗುಂಬೆ ಬರೀ 55 ಕಿಲೋಮೀಟರ್. ನಕ್ಷೆ ನೋಡಿದವರು ಇದೇ ಹತ್ತಿರ ಎನ್ನುತ್ತಾರೆ. ಆದರೆ ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಸಕಲೇಶಪುರ–ಸುಬ್ರಹ್ಮಣ್ಯದ ಘಟ್ಟ ಇಳಿದೇ ಉಡುಪಿ ಮುಟ್ಟಬೇಕು. ಆ ಹಳಿಯ ಮೇಲೂ ಗುಡ್ಡ ಕುಸಿಯುತ್ತದೆ. 2018ರ ಆಗಸ್ಟ್‌ನಲ್ಲಿ, ಮತ್ತೆ 2024ರ ಜುಲೈನಲ್ಲಿ ರೈಲುಗಳು ದಿನಗಟ್ಟಲೆ ನಿಂತವು. ಅಲ್ಲಿಗೆ ರೈಲಿನದೊಂದು ಘಟ್ಟ, ರಸ್ತೆಯದೊಂದು ಘಟ್ಟ, ಎರಡನ್ನೂ ನಂಬಿ ಹೊರಟಂತಾಯಿತು.

ಹಾಗೆಂದು ಆ ದಾರಿಯನ್ನು ಬಿಟ್ಟುಬಿಡಿ ಎನ್ನಲಾರೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಅದಕ್ಕಿಂತ ಸೊಗಸಾದ ದಾರಿ ಇನ್ನೊಂದಿಲ್ಲ. ಹಿರಿಯಡ್ಕ, ಪೆರ್ಡೂರು, ಹೆಬ್ರಿ ದಾಟಿ ಸೋಮೇಶ್ವರ ಬರುತ್ತಲೇ ಬಿಸಿಲು ಮರೆಯಾಗುತ್ತದೆ. ಮುಂದೆ ಆಗುಂಬೆ ಘಾಟಿಯ 14 ತಿರುವುಗಳು. ಇಲ್ಲಿ ಓಡುವುದು ಮಿನಿ ಬಸ್ಸುಗಳು. ಉದ್ದದ ಬಸ್ಸು ಈ ತಿರುವುಗಳಲ್ಲಿ ಹೊರಳುವುದು ಕಷ್ಟ. ಒಮ್ಮೆ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು ನೋಡುತ್ತಿದ್ದೆ. ತಿರುವಿಗೆ ಮುಂಚೆಯೇ ಫಸ್ಟ್ ಗೇರು, ಉದ್ದಕ್ಕೊಂದು ಹಾರ್ನು, ಕಿವಿಗೊಟ್ಟು ಎರಡು ಕ್ಷಣ ಕಾಯುವುದು, ಆಮೇಲೆ ಸ್ಟೇರಿಂಗನ್ನು ಪೂರ್ತಿ ಸುತ್ತುವುದು. ಮೇಲಿನಿಂದ ಒಂದು ಕಾರು ಬಂತು. ಕಂಡಕ್ಟರ್ ಕೆಳಗೆ ಹಾರಿ, ಕೈ ಅಡ್ಡ ಹಿಡಿದು, "ಹಿಂದೆ ತಗೊಳ್ಳಿ ಸಾರ್, ಹತ್ತೋ ಗಾಡಿಗೆ ಮೊದಲು ಬಿಡ್ಬೇಕು" ಎಂದ. ಏರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಎಳೆಯುವುದು ಕಷ್ಟ. ಅದಕ್ಕೇ ಘಾಟಿಯಲ್ಲಿ ಇಳಿಯುವವರು ತಡೆದು ದಾರಿ ಬಿಡಬೇಕು. ನಗರದಿಂದ ಬರುವ ಎಷ್ಟೋ ಮಂದಿಗೆ ಈ ನಿಯಮ ಗೊತ್ತಿಲ್ಲ. ಘಾಟಿಗೆ ಕಾರು ಹಾಕುವ ಮುನ್ನ ಇದನ್ನು ತಿಳಿದಿರಲೇಬೇಕು.

ಕಾರಿನ ಬಗ್ಗೆ ಇನ್ನೊಂದು ಮಾತು. ಪುಟ್ಟ ಮಕ್ಕಳಿದ್ದರೆ ಕಾರು ಬೇಕಾಗುತ್ತದೆ, ಒಪ್ಪುತ್ತೇನೆ. ಆದರೆ ಕತ್ತಲಾದ ಮೇಲೆ ಘಾಟಿಯಲ್ಲಿ ಓಡಿಸಬೇಡಿ. ಸೋಮೇಶ್ವರದ ಸುತ್ತ ಇರುವುದು ಅಭಯಾರಣ್ಯ. ಕಾಳಿಂಗ ಸರ್ಪಕ್ಕೆ ಹೆಸರಾದ ಈ ಕಾಡಿನಲ್ಲೇ ಉರಗತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದರು. ಮಳೆ ಬಿದ್ದ ರಾತ್ರಿ ಕಪ್ಪೆ, ಹಾವುಗಳು ರಸ್ತೆಗೆ ಬರುತ್ತವೆ. ಬೆಳಿಗ್ಗೆ ಟಾರಿಗೆ ಅಂಟಿಕೊಂಡ ಅವುಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಒಂದು ಬಸ್ಸಿನಲ್ಲಿ ಹೋಗಬಹುದಾದಷ್ಟು ಜನ ಹತ್ತು ಕಾರುಗಳಲ್ಲಿ ಹೋದರೆ ಅದರ ಪೆಟ್ಟು ತಿನ್ನುವುದು ಕಾಡೇ.

ವಿಮಾನದ ಮಾತು ಬೇಗ ಮುಗಿಯುತ್ತದೆ. 2023ರಿಂದ ಶಿವಮೊಗ್ಗಕ್ಕೆ ವಿಮಾನವಿದೆ, ಮಂಗಳೂರಿಗೆ ಮೊದಲಿನಿಂದಲೂ ಇದೆ. ಎಲ್ಲಿ ಇಳಿದರೂ ಮುಂದೆ ಮೂರು ತಾಸಿನಷ್ಟು ರಸ್ತೆ ಪ್ರಯಾಣ ತಪ್ಪಿದ್ದಲ್ಲ. ದೂರದ ಊರುಗಳಿಂದ ಬರುವವರಿಗೆ ಸರಿ. ಬೆಂಗಳೂರಿನವರಿಗೆ ಕೊಟ್ಟ ದುಡ್ಡಿಗೆ ತಕ್ಕ ಉಳಿತಾಯವಿಲ್ಲ.

ಮಳೆ ಜೋರಾದಾಗ ಆಡಳಿತ ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳನ್ನು ನಿಲ್ಲಿಸುತ್ತದೆ. ಮಣ್ಣು ಜರಿದರೆ ಎಲ್ಲವನ್ನೂ. ಆಗ ಕರಾವಳಿಯಿಂದ ಬರುವವರು ಕಾರ್ಕಳ–ಮಾಳ–ಕೆರೆಕಟ್ಟೆ ಮೇಲೆ ಶೃಂಗೇರಿಗೆ ಹತ್ತಬೇಕು, ಇಲ್ಲವೇ ಬಾಳೆಬರೆ ಘಾಟಿ ಹಿಡಿಯಬೇಕು. ಈ ಸುದ್ದಿ ನಕ್ಷೆಯ ಆ್ಯಪಿಗೆ ತಲುಪುವ ಮೊದಲೇ ಸ್ಥಳೀಯರಿಗೆ ಗೊತ್ತಿರುತ್ತದೆ. ಅದಕ್ಕೇ ಟಿಕೆಟ್ ತೆಗೆಸುವ ಮುನ್ನ ಭಾವನಿಗೆ ಫೋನು ಹಚ್ಚುತ್ತೇನೆ. "ಘಾಟಿ ಬಿಟ್ಟಿದಾರಾ ಭಾವ?" ಅಲ್ಲಿ ನೆಂಟರಿಲ್ಲದವರು ಉಳಿದುಕೊಳ್ಳುವ ಮನೆಯವರನ್ನೋ, ಹೆಬ್ರಿ ಅಥವಾ ತೀರ್ಥಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಡ್ರೈವರುಗಳನ್ನೋ ಕೇಳಿ. ಹೊರಟ ಮೇಲೆ ಸಿಗ್ನಲ್ ಸಿಗುತ್ತದೆಂಬ ಭರವಸೆ ಬೇಡ.

ಮಳೆಗಾಲಕ್ಕೆ ಶಿವಮೊಗ್ಗ, ಚಳಿಗಾಲಕ್ಕೆ ಉಡುಪಿ, ಎರಡೂ ಕಾಲಕ್ಕೆ ಹಗಲು: ನಾನು ಪಾಲಿಸುವುದು ಇಷ್ಟನ್ನೇ. ಇದರ ಜತೆ ರಜೆಯಲ್ಲಿ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ನಾಳೆ ಆಫೀಸಿಗೆ ಹೋಗಲೇಬೇಕು ಎನ್ನುವವರೇ ಮುಚ್ಚಿದ ಘಾಟಿಯೆದುರು ನಿಂತು ಪೊಲೀಸರನ್ನು ಗೋಗರೆಯುತ್ತಾರೆ, ಮಂಜಿನಲ್ಲಿ ಓವರ್‌ಟೇಕ್ ಮಾಡುತ್ತಾರೆ. ಕೈಯಲ್ಲಿ ಒಂದು ದಿನ ಇದ್ದವರು ಆ ರಾತ್ರಿ ಹೆಬ್ರಿಯಲ್ಲೋ ತೀರ್ಥಹಳ್ಳಿಯಲ್ಲೋ ಉಳಿದು, ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗುತ್ತಾರೆ.